ಬ್ಯಾಂಕ್ ರೋಲ್‌ನಿಂದ ನಾಣ್ಯದ ಸೆಟ್ ತುಂಬಿಸುವುದು: ಯಾವ ಸೆಟ್ ಮೊದಲು ಹಿಡಿಯಬೇಕು?

ಅಮೆರಿಕದಲ್ಲಿ ನಿಮ್ಮ ಖಾತೆ ಇರುವ ಬ್ಯಾಂಕಿಗೆ ಹೋಗಿ ಹತ್ತು ಡಾಲರ್ ಕೊಟ್ಟರೆ ಒಂದು ರೋಲ್ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಕೊಡುತ್ತಾರೆ. ಕಾಗದದಲ್ಲಿ ಸುತ್ತಿದ ನಲವತ್ತು ನಾಣ್ಯ. ಮನೆಗೆ ತಂದು ಬಿಚ್ಚಿ, ಬೇಕಾದ್ದನ್ನು ಆರಿಸಿಕೊಂಡು, ಉಳಿದದ್ದನ್ನು ಮತ್ತೆ ಖಾತೆಗೆ ಕಟ್ಟಬಹುದು. ಇಟ್ಟುಕೊಂಡ ನಾಣ್ಯಕ್ಕೂ ಅದರ ಮುಖಬೆಲೆ ಹಾಗೇ ಇರುತ್ತದೆ. ಇಷ್ಟು ಕಡಿಮೆ ಖರ್ಚಿನ ಹವ್ಯಾಸ ಬೇರೆ ಸಿಗುವುದು ಕಷ್ಟ.

ಅಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಮನೆಗೆ ಆರು ತಿಂಗಳಿಗೆ ಅಂತ ಹೋಗುವ ಅಪ್ಪ ಅಮ್ಮಂದಿರಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಹಗಲು ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಸಮಯ ಇರುತ್ತದೆ, ಸಂಜೆ ಮೊಮ್ಮಕ್ಕಳು ಜೊತೆಗೆ ಕೂರುತ್ತಾರೆ. ರೋಲ್ ತರುವ ಕೆಲಸ ಮಗನದೋ ಸೊಸೆಯದೋ ಆದರೆ ಸಾಕು.

ಆದರೆ ಎಷ್ಟೋ ಜನ ತಪ್ಪು ಸೆಟ್ಟಿನಿಂದ ಶುರು ಮಾಡುತ್ತಾರೆ. ಸೆಟ್ ಅಂದರೆ ಒಂದು ಬಗೆಯ ನಾಣ್ಯದಲ್ಲಿ ಬಂದ ಎಲ್ಲ ವರ್ಷದ ಅಥವಾ ಎಲ್ಲ ಚಿತ್ರದ ನಾಣ್ಯಗಳು, ಒಂದೊಂದಕ್ಕೂ ಒಂದು ತೂತು ಇರುವ ಆಲ್ಬಮ್‌ನಲ್ಲಿ ಅವನ್ನು ಕೂರಿಸುತ್ತಾರೆ. ಆಲ್ಬಮ್‌ನಲ್ಲಿ ಮುಕ್ಕಾಲು ಭಾಗ ಬೇಗ ತುಂಬುತ್ತದೆ. ಉಳಿದ ತೂತುಗಳು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ, ಕಡೆಗೆ ಆಲ್ಬಮ್ ಕಪಾಟು ಸೇರುತ್ತದೆ. ಅದಕ್ಕೇ ನಾನು ಹೇಳುವುದು ಒಂದೇ ಮಾತು: ಸೆಟ್ಟಿನಲ್ಲಿ ಸುಲಭವಾಗಿ ಸಿಗುವ ನಾಣ್ಯ ಎಷ್ಟಿವೆ ಅಂತ ನೋಡಬೇಡಿ. ಎಲ್ಲಕ್ಕಿಂತ ಕಷ್ಟದ ನಾಣ್ಯ ಯಾವುದು ಅಂತ ಮೊದಲು ಹುಡುಕಿ. ಅದು ಬ್ಯಾಂಕ್ ರೋಲ್‌ನಲ್ಲಿ ಸಿಗುವಂಥದ್ದಾದರೆ ಆ ಸೆಟ್ ತುಂಬುತ್ತದೆ.

ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಒಂದು, ಆ ಸೆಟ್ಟಿನಲ್ಲಿ ಬೆಳ್ಳಿ ನಾಣ್ಯ ಇದೆಯಾ? 1964ರವರೆಗಿನ ಡೈಮ್ (ಹತ್ತು ಸೆಂಟ್), ಕ್ವಾರ್ಟರ್‌ಗಳಲ್ಲಿ ಶೇ 90 ಬೆಳ್ಳಿ ಇತ್ತು. 1965ರಿಂದ ಬಂದವು ಒಳಗೆ ತಾಮ್ರ, ಹೊರಗೆ ತಾಮ್ರ ನಿಕಲ್ ಮಿಶ್ರಣದ ಹೊದಿಕೆ ಇರುವಂಥವು. ಬೆಳ್ಳಿಯ ನಾಣ್ಯಗಳನ್ನು ಜನ ಅವತ್ತಿನಿಂದಲೂ ಆರಿಸಿ ಎತ್ತಿಡುತ್ತಿದ್ದಾರೆ. ಅಪರೂಪಕ್ಕೆ ಒಂದು ಸಿಕ್ಕರೆ ಖುಷಿಪಡಿ, ಆದರೆ ಅದನ್ನು ನಂಬಿ ಸೆಟ್ ಶುರು ಮಾಡಬೇಡಿ.

ಎರಡು, ಆ ನಾಣ್ಯ ನಿಜವಾಗಿ ಬ್ಯಾಂಕುಗಳಿಗೆ ಬಂದಿತ್ತಾ? ಕೆಲವು ವರ್ಷದ ನಾಣ್ಯಗಳನ್ನು ಟಂಕಸಾಲೆ ಸಂಗ್ರಹಕಾರರಿಗೆ ಮಾರಲೆಂದೇ ಮಾಡಿದೆ. ಹಾಫ್ ಡಾಲರ್ ಇದಕ್ಕೆ ದೊಡ್ಡ ಉದಾಹರಣೆ. 2002ರಿಂದ 2020ರವರೆಗಿನವು ಚಲಾವಣೆಗೆ ಬರಲೇ ಇಲ್ಲ. 1970ರ ಡೆನ್ವರ್ ಟಂಕಸಾಲೆಯ ನಾಣ್ಯ, 1987ರ ನಾಣ್ಯಗಳದ್ದೂ ಇದೇ ಕಥೆ. ಡಾಲರ್ ನಾಣ್ಯಗಳಲ್ಲೂ ಹೀಗೇ. ಅಧ್ಯಕ್ಷರ ಚಿತ್ರದ ಡಾಲರ್‌ಗಳು 2007ರಲ್ಲಿ ಶುರುವಾದವು, 2012ರಿಂದ ಬಂದವು ಸಂಗ್ರಹಕಾರರಿಗೆ ಮಾತ್ರ. ಯಾರೋ ಆಲ್ಬಮ್ ಮುರಿದು ಬ್ಯಾಂಕಿಗೆ ಕಟ್ಟಿದರೆ ಒಂದೊಂದು ರೋಲ್‌ನಲ್ಲಿ ಬರಬಹುದು. ಅದನ್ನು ಕಾಯುತ್ತಾ ಕೂರೋಕಾಗಲ್ಲ. ಹಾಗಾಗಿ ಹಾಫ್ ಡಾಲರ್ ಮತ್ತು ಡಾಲರ್ ಸೆಟ್ಟುಗಳನ್ನು ಹೊಸಬರು ಪಕ್ಕಕ್ಕಿಡಿ.

ಮೂರು, ಎಲ್ಲಕ್ಕಿಂತ ಕಡಿಮೆ ಅಚ್ಚಾದ ನಾಣ್ಯ ಎಷ್ಟು ಅಚ್ಚಾಗಿದೆ? ಹತ್ತು ಕೋಟಿಗಿಂತ ಜಾಸ್ತಿ ಅಚ್ಚಾಗಿದ್ದರೆ ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ ಅಂತ ನಾನು ಎಣಿಸುತ್ತೇನೆ. ಐದು ಕೋಟಿಯ ಆಸುಪಾಸು ಇದ್ದರೆ ಜಾಸ್ತಿ ರೋಲ್ ಬಿಚ್ಚಬೇಕಾಗುತ್ತದೆ. ಒಂದು ಕೋಟಿಗಿಂತ ಕಡಿಮೆ ಇದ್ದರೆ ರೋಲ್‌ನಲ್ಲಿ ಸಿಗುತ್ತದೆ ಅಂತ ಲೆಕ್ಕ ಹಾಕಲೇಬೇಡಿ.

ಇಲ್ಲಿ ಒಂದು ವರ್ಷವನ್ನು ನೆನಪಿಟ್ಟುಕೊಳ್ಳಿ: 2009. ಆರ್ಥಿಕ ಹಿಂಜರಿತದ ಸಮಯ. ವ್ಯಾಪಾರ ಕುಗ್ಗಿತು, ಜನ ಡಬ್ಬಿಯಲ್ಲಿದ್ದ ಚಿಲ್ಲರೆಯನ್ನು ಹೊರಗೆ ತೆಗೆದರು, ಬ್ಯಾಂಕುಗಳಿಗೆ ಹೊಸ ನಾಣ್ಯ ಬೇಕಾಗಲಿಲ್ಲ. ಟಂಕಸಾಲೆ ಉತ್ಪಾದನೆಯನ್ನು ತುಂಬಾ ಇಳಿಸಿತು. ನಿಕಲ್ (ಐದು ಸೆಂಟ್ ನಾಣ್ಯ), ಡೈಮ್ ಎರಡರಲ್ಲೂ ಈಚಿನ ವರ್ಷಗಳ ಕಷ್ಟದ ತೂತು ಅಂದರೆ 2009ರದ್ದೇ. ಕ್ವಾರ್ಟರ್‌ನಲ್ಲೂ ಆ ವರ್ಷದ್ದು ಕಡಿಮೆ. ಯಾವ ಸೆಟ್ ಹಿಡಿದಿದ್ದರೂ ಈ ವರ್ಷದ ನಾಣ್ಯ ಕಂಡರೆ ಎತ್ತಿಡಿ.

ನನ್ನ ಮೊದಲ ಆಯ್ಕೆ: ರಾಜ್ಯಗಳ ಕ್ವಾರ್ಟರ್

1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ ಐವತ್ತು ರಾಜ್ಯಗಳ ಹೆಸರಿನಲ್ಲಿ ಕ್ವಾರ್ಟರ್ ಬಂದವು. ರಾಜ್ಯಗಳು ಒಕ್ಕೂಟಕ್ಕೆ ಸೇರಿದ ಕ್ರಮದಲ್ಲೇ ಬಂದವು: ಡೆಲವೇರ್ ಮೊದಲು, ಹವಾಯಿ ಕೊನೆ. ಹತ್ತು ವರ್ಷದಲ್ಲಿ ಒಟ್ಟು 3,400 ಕೋಟಿಗೂ ಹೆಚ್ಚು ನಾಣ್ಯ ಅಚ್ಚಾದವು. 2000ದ ವರ್ಜೀನಿಯಾ ಒಂದೇ ಸುಮಾರು 159 ಕೋಟಿ. ಎಲ್ಲಕ್ಕಿಂತ ಕಡಿಮೆ ಅಂದರೆ 2008ರ ಒಕ್ಲಹೋಮ. ಅದೂ ನಲವತ್ತು ಕೋಟಿ ದಾಟಿದೆ!

ಕಷ್ಟದ ನಾಣ್ಯವೇ ನಲವತ್ತು ಕೋಟಿ ಇದೆ ಅಂದಮೇಲೆ ಸೆಟ್ ತುಂಬದೆ ಇರಲು ಸಾಧ್ಯವೇ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು. ಐವತ್ತು ಕ್ವಾರ್ಟರ್ ಅಂದರೆ ಆಲ್ಬಮ್ಮಿನಲ್ಲಿ ಕೂರುವ ಹಣ ಹನ್ನೆರಡೂವರೆ ಡಾಲರ್ ಅಷ್ಟೇ. ಇನ್ನೊಂದು ಅನುಕೂಲ, ವರ್ಷ ಓದಬೇಕಾಗಿಲ್ಲ. ಚಿತ್ರ ನೋಡಿದರೆ ಸಾಕು. ಜಾರ್ಜಿಯಾಕ್ಕೆ ಪೀಚ್ ಹಣ್ಣು, ವಿಸ್ಕಾನ್ಸಿನ್‌ಗೆ ಹಸು, ಚೀಸ್, ಮೆಕ್ಕೆಜೋಳದ ತೆನೆ, ಹವಾಯಿಗೆ ರಾಜ ಕಮೇಹಮೇಹ. ಓದಲು ಬಾರದ ಪುಟ್ಟ ಮಗುವೂ ಜೊತೆಗೂಡಬಹುದು. ಶಾಲೆಗೆ ಹೋಗುವ ಮಗುವಿಗೆ ರಾಜ್ಯಗಳ ಹೆಸರು ತಾನಾಗೇ ಬಾಯಿಗೆ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಬೇರೆ ಯಾವ ಸೆಟ್ಟನ್ನೂ ಯೋಚಿಸಬೇಡಿ, ಇದರಿಂದಲೇ ಶುರು ಮಾಡಿ.

2004ರ ವಿಸ್ಕಾನ್ಸಿನ್ ಸಿಕ್ಕರೆ, ಅದರಲ್ಲಿ ಡೆನ್ವರ್ ಟಂಕಸಾಲೆಯ ಡಿ ಗುರುತು ಇದ್ದರೆ, ತೆನೆಯ ಎಡಭಾಗವನ್ನು ಸ್ವಲ್ಪ ಗಮನವಿಟ್ಟು ನೋಡಿ. ಕೆಲವು ನಾಣ್ಯಗಳಲ್ಲಿ ಒಂದು ಎಲೆ ಹೆಚ್ಚಿಗೆ ಇದೆ. ಸಂಗ್ರಹಕಾರರು ಇದಕ್ಕೆ ಮುಖಬೆಲೆಗಿಂತ ಎಷ್ಟೋ ಜಾಸ್ತಿ ಕೊಡುತ್ತಾರೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಹಲವು ಆಲ್ಬಮ್‌ಗಳಲ್ಲಿ ಐವತ್ತಲ್ಲ, ಐವತ್ತಾರು ತೂತು ಇರುತ್ತವೆ. ಹೆಚ್ಚಿನ ಆರು 2009ರವು: ವಾಷಿಂಗ್ಟನ್ ಡಿ.ಸಿ., ಪೋರ್ಟೊರಿಕೊ, ಗುವಾಮ್, ಅಮೆರಿಕನ್ ಸಮೋವಾ, ವರ್ಜಿನ್ ದ್ವೀಪಗಳು, ಉತ್ತರ ಮರಿಯಾನಾ ದ್ವೀಪಗಳು. ಕೊನೆಯದು ಫಿಲಡೆಲ್ಫಿಯಾ, ಡೆನ್ವರ್ ಎರಡೂ ಟಂಕಸಾಲೆ ಸೇರಿ ಏಳು ಕೋಟಿ ಚಿಲ್ಲರೆ ಮಾತ್ರ ಅಚ್ಚಾಯಿತು. ಸಿಗುತ್ತದೆ, ಆದರೆ ನಿಧಾನ. ಈ ಆರನ್ನು ಬೇರೆ ಪುಟ್ಟ ಸೆಟ್ ಅಂತಲೇ ಎಣಿಸಿ. ಆಗ ಐವತ್ತು ತುಂಬಿದ ದಿನ ಮಕ್ಕಳಿಗೆ ಸೆಟ್ ಮುಗಿಯಿತು ಅಂತ ನಿಜವಾಗಿ ಹೇಳಬಹುದು.

2010ರಿಂದ 2021ರವರೆಗೆ ಬಂದ ರಾಷ್ಟ್ರೀಯ ಉದ್ಯಾನಗಳ ಕ್ವಾರ್ಟರ್‌ಗಳೂ ಐವತ್ತಾರು. ನೋಡಲು ಅಷ್ಟೇ ಚಂದ. ಆದರೆ 2012ರ ಅಕೇಡಿಯಾ, ಚಾಕೋ ಕಲ್ಚರ್‌ನಂಥವು ಐದು ಕೋಟಿಯೂ ಮುಟ್ಟಲಿಲ್ಲ. ಇದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. 2019 ಮತ್ತು 2020ರ ಕ್ವಾರ್ಟರ್‌ಗಳಲ್ಲಿ ಡಬ್ಲ್ಯು ಅಕ್ಷರ ಕಂಡರೆ ಮಾತ್ರ ಬಿಡಬೇಡಿ. ವೆಸ್ಟ್ ಪಾಯಿಂಟ್ ಟಂಕಸಾಲೆ ಹತ್ತು ವಿನ್ಯಾಸಗಳಲ್ಲಿ ತಲಾ ಇಪ್ಪತ್ತು ಲಕ್ಷ ಮಾಡಿ, ಬೇಕೆಂದೇ ಮಾಮೂಲಿ ಚಿಲ್ಲರೆಯಲ್ಲಿ ಬೆರೆಸಿತು. ಸಿಕ್ಕರೆ ತೆಗೆದಿಡಿ. ಸೆಟ್ಟಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ, ಸೇರಿಸಿಕೊಂಡರೆ ಸುಲಭದ ಸೆಟ್ ಕಷ್ಟದ್ದಾಗುತ್ತದೆ.

ಅದಾದ ಮೇಲೆ

ಹದ್ದಿನ ಕ್ವಾರ್ಟರ್, ಅಂದರೆ 1965ರಿಂದ 1998ರವರೆಗಿನದು, ಎರಡನೇ ಸೆಟ್ಟಿಗೆ ಒಳ್ಳೆಯದು. ವರ್ಷ ಮತ್ತು ಟಂಕಸಾಲೆಯ ಗುರುತು ಸೇರಿ ಒಟ್ಟು 63 ನಾಣ್ಯ. ಇವುಗಳಲ್ಲಿ ಕಡಿಮೆ ಅಚ್ಚಾದದ್ದು 1968ರ ಡೆನ್ವರ್ ನಾಣ್ಯ, ಅದೂ ಹತ್ತು ಕೋಟಿ ದಾಟಿದೆ. ರಾಜ್ಯಗಳ ಕ್ವಾರ್ಟರ್ ಹುಡುಕುವಾಗಲೇ ಇವೂ ಕೈಗೆ ಬರುತ್ತವೆ, ಅದೇ ರೋಲ್ ಎರಡು ಸೆಟ್ಟಿಗೆ ಆಗುತ್ತದೆ. 1975ನೇ ಇಸವಿಯ ಕ್ವಾರ್ಟರ್ ಹುಡುಕಬೇಡಿ, ಅಂಥದ್ದೇ ಇಲ್ಲ. ಸ್ವಾತಂತ್ರ್ಯದ 200ನೇ ವರ್ಷಕ್ಕಾಗಿ 1975 ಮತ್ತು 1976 ಎರಡು ವರ್ಷವೂ 1776–1976 ಎಂದೇ ಅಚ್ಚು ಹಾಕಿದರು. ಅದರ ಹಿಂದೆ ಹದ್ದಿನ ಬದಲು ನಗಾರಿ ಬಾರಿಸುವವನ ಚಿತ್ರ ಇದೆ.

ಡೈಮ್ ನನಗೆ ತುಂಬಾ ಇಷ್ಟ. 1965ರಿಂದ 2025ರವರೆಗೆ ಫಿಲಡೆಲ್ಫಿಯಾ, ಡೆನ್ವರ್ ಎರಡನ್ನೂ ಸೇರಿಸಿದರೆ 119 ನಾಣ್ಯ. ಇಷ್ಟು ದೊಡ್ಡ ಸೆಟ್ಟಿಗೆ ತಗಲುವುದು 11 ಡಾಲರ್ 90 ಸೆಂಟ್! ನಿಜವಾದ ಅಡ್ಡಿ 2009ರ ಡೆನ್ವರ್ ಡೈಮ್ ಒಂದೇ, ಅದು ಐದು ಕೋಟಿಗೆ ಸ್ವಲ್ಪ ಕಡಿಮೆ ಅಚ್ಚಾಗಿದೆ. ಅದೇ ವರ್ಷದ ಫಿಲಡೆಲ್ಫಿಯಾದ್ದು ಅದರ ಎರಡರಷ್ಟು ಹತ್ತಿರ ಇದೆ. ತೊಂದರೆ ಕಣ್ಣಿಗೆ. ನಾಣ್ಯ ಚಿಕ್ಕದು, ಇಸವಿ ಇನ್ನೂ ಚಿಕ್ಕದು. ವಯಸ್ಸಾದವರು ಒಳ್ಳೆ ಬೆಳಕು ಮತ್ತು ಐದು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟುಕೊಳ್ಳಲೇಬೇಕು.

ಪೆನ್ನಿಯಲ್ಲಿ ಗುರಾಣಿ ಚಿತ್ರದ ಸೆಟ್ ಹಿಡಿಯಿರಿ. 2010ರಿಂದ 2025ರವರೆಗೆ 32 ನಾಣ್ಯ, ಬೆಲೆ ಮೂವತ್ತೆರಡು ಸೆಂಟ್. ಅದೃಷ್ಟವಿದ್ದರೆ ಕೆಲವೇ ರೋಲ್‌ಗಳಲ್ಲಿ ಬಹುಪಾಲು ತುಂಬುತ್ತದೆ. ಆದರೆ ಇದಕ್ಕೆ ಈಗ ಕೈ ಹಾಕುವುದು ಒಳ್ಳೆಯದು. ಚಲಾವಣೆಯ ಕೊನೆಯ ಪೆನ್ನಿಗಳನ್ನು 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕಿದರು. ಹಳೆಯವು ಇನ್ನೂ ಚಲಾವಣೆಯಲ್ಲಿವೆ, ಕಾನೂನಿನ ಪ್ರಕಾರ ಹಣವೇ. ಆದರೂ ಹೊಸದು ಬರದ ಮೇಲೆ ಬ್ಯಾಂಕಿನಲ್ಲಿ ಪೆನ್ನಿ ರೋಲ್ ಸಿಗುವುದು ಕಡಿಮೆಯಾಗುತ್ತದೆ. ಇವು ಸತುವಿನ ಮೇಲೆ ತಾಮ್ರ ಲೇಪಿಸಿದ ನಾಣ್ಯ, ಒದ್ದೆ ತಾಗಿದರೆ ಗುಳಿ ಬಿದ್ದು ಹಾಳಾಗುತ್ತವೆ. ಚೊಕ್ಕವಾಗಿರುವುದನ್ನೇ ಆರಿಸಿ. 1959ರಿಂದ 2008ರವರೆಗಿನ ಲಿಂಕನ್ ಸ್ಮಾರಕದ ಪೆನ್ನಿ ಸೆಟ್ ಕೂಡ ಸಾಧ್ಯ, ಆದರೆ 1968ರಿಂದ 1974ರವರೆಗಿನ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯಗಳಿಗೆ ತಾಳ್ಮೆ ಬೇಕು.

ನಿಕಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಡೈಮ್, ಕ್ವಾರ್ಟರ್ ರೋಲ್‌ಗಳಲ್ಲಿ ಅಷ್ಟಾಗಿ ಸಿಗದ ಹಳೆಯ ನಾಣ್ಯ ಇದರಲ್ಲಿ ಸಿಗುತ್ತದೆ. ಕಾರಣ ಲೋಹ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್, ಯುದ್ಧದ ವರ್ಷಗಳನ್ನು ಬಿಟ್ಟರೆ ಇದು ಬದಲಾಗಲೇ ಇಲ್ಲ. ಹಾಗಾಗಿ ಹಳೆಯದನ್ನು ಆರಿಸಿ ತೆಗೆಯಲು ಜನರಿಗೆ ದೊಡ್ಡ ಕಾರಣ ಇರಲಿಲ್ಲ. 1940ರ ದಶಕದ ನಿಕಲ್ ಇವತ್ತಿಗೂ ಅಂಗಡಿಯ ಚಿಲ್ಲರೆಯಲ್ಲಿ ಬರುವುದುಂಟು. ಇದೇ ಆಸೆಗೆ ಬಿದ್ದು 1938ರಿಂದ ಪೂರ್ತಿ ಸೆಟ್ ಹಿಡಿಯುವವರಿದ್ದಾರೆ. ಅಲ್ಲಿ ನಮ್ಮ ಮೂರನೇ ಪ್ರಶ್ನೆ ಕೇಳಿ ನೋಡಿ: 1950ರ ಡೆನ್ವರ್ ನಿಕಲ್ ಅಚ್ಚಾಗಿದ್ದು 26 ಲಕ್ಷ ಚಿಲ್ಲರೆ. 1939ರ ಡೆನ್ವರ್‌ದ್ದು 35 ಲಕ್ಷದಷ್ಟು. ಜೊತೆಗೆ 1942ರಿಂದ 1945ರವರೆಗೆ ಶೇ 35 ಬೆಳ್ಳಿ ಬೆರೆಸಿದ ಹನ್ನೊಂದು ನಾಣ್ಯ, ಇವುಗಳ ಹಿಂಭಾಗದ ಚಿತ್ರದಲ್ಲಿರುವ ಮನೆಯ ಗುಮ್ಮಟದ ಮೇಲೆ ದೊಡ್ಡ ಅಕ್ಷರ ಇರುತ್ತದೆ. ರೋಲ್ ನಂಬಿಕೊಂಡರೆ ಇವು ಆಗದ ಮಾತು.

ಅದಕ್ಕೆ ನಿಕಲ್ ಸೆಟ್ಟಿನ ಗಡಿಯನ್ನು ನೀವೇ ಹಾಕಿಕೊಳ್ಳಿ. 1960ರಿಂದ ಶುರು ಅಂತ ಇಟ್ಟುಕೊಂಡರೆ ಪೂರ್ತಿ ಆಗುವ ಸೆಟ್. ಆಲ್ಬಮ್ ಕಂಪನಿ 1938ರಿಂದ ತೂತು ಕೊರೆದಿದೆ ಅಂತ ನೀವು ಅಲ್ಲಿಂದಲೇ ಶುರು ಮಾಡಬೇಕು ಅನ್ನೋ ನಿಯಮವೇನೂ ಇಲ್ಲ. ಅದಕ್ಕಿಂತ ಹಳೆಯದು ಸಿಕ್ಕರೆ ಬೇರೆ ಡಬ್ಬಿಯಲ್ಲಿ ಇಡುತ್ತಾ ಹೋಗಿ. 1968ರಿಂದ 1970ರವರೆಗೆ ಫಿಲಡೆಲ್ಫಿಯಾ ನಿಕಲ್ ಇಲ್ಲ, ಡೆನ್ವರ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಮಾತ್ರ. 2004 ಮತ್ತು 2005ರಲ್ಲಿ ವರ್ಷಕ್ಕೆ ಎರಡೆರಡು ಚಿತ್ರ ಬಂದಿವೆ, ಕಾಡೆಮ್ಮೆಯಂಥ ಬೈಸನ್ ಇರುವುದು 2005ರದ್ದು. 2009ರ ನಿಕಲ್ ಎರಡೂ ಐದು ಕೋಟಿಯೊಳಗೇ.

ಟಂಕಸಾಲೆಯ ಗುರುತು ಲೆಕ್ಕಕ್ಕೆ ಬೇಕಾ?

ಊರಲ್ಲಿ ನಾಣ್ಯ ಕೂಡಿಟ್ಟವರಿಗೆ ಇದು ಗೊತ್ತಿರುತ್ತದೆ. ನಮ್ಮ ರೂಪಾಯಿಯಲ್ಲಿ ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಅಮೆರಿಕದಲ್ಲಿ ಪಿ ಅಂದರೆ ಫಿಲಡೆಲ್ಫಿಯಾ, ಡಿ ಅಂದರೆ ಡೆನ್ವರ್, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ. ನಿಕಲ್, ಡೈಮ್, ಕ್ವಾರ್ಟರ್‌ಗಳ ಮೇಲೆ ಪಿ ಅಕ್ಷರ ಖಾಯಂ ಆಗಿ ಬಂದದ್ದು 1980ರಿಂದ. ಅದಕ್ಕೂ ಮೊದಲು ಗುರುತಿಲ್ಲದಿದ್ದರೆ ಸಾಮಾನ್ಯವಾಗಿ ಫಿಲಡೆಲ್ಫಿಯಾದ್ದು. ಪೆನ್ನಿಯಲ್ಲಿ 2017ರಲ್ಲಿ ಒಂದು ವರ್ಷ ಮಾತ್ರ ಪಿ ಹಾಕಿದರು. 1965, 66, 67ರಲ್ಲಿ ಯಾವ ಟಂಕಸಾಲೆಯೂ ಗುರುತು ಹಾಕಲಿಲ್ಲ, ಆ ಮೂರು ವರ್ಷಕ್ಕೆ ಒಂದೊಂದೇ ನಾಣ್ಯ ಸಾಕು.

ಮೊದಲ ಸಲ ರಾಜ್ಯಗಳ ಕ್ವಾರ್ಟರ್‌ಗೆ ಗುರುತು ನೋಡಬೇಡಿ, ಚಿತ್ರ ಇದ್ದರೆ ಆಯಿತು. ರುಚಿ ಹತ್ತಿದ ಮೇಲೆ ಪಿ ಮತ್ತು ಡಿ ಎರಡೂ ಬೇಕು ಅಂತ ಸೆಟ್ಟನ್ನು ಬೆಳೆಸಬಹುದು. ಆಗ ನೀವಿರುವ ಊರು ಮುಖ್ಯವಾಗುತ್ತದೆ. ಪಶ್ಚಿಮದ ಕಡೆ ಡೆನ್ವರ್ ನಾಣ್ಯ ಜಾಸ್ತಿ, ಪೂರ್ವದ ಕಡೆ ಫಿಲಡೆಲ್ಫಿಯಾದ್ದು ಜಾಸ್ತಿ. ಫ್ರೀಮಾಂಟ್‌ನಲ್ಲಿ ಇರುವವರಿಗೆ ಪಿ ತೂತುಗಳು ಉಳಿಯುತ್ತವೆ, ಎಡಿಸನ್‌ನಲ್ಲಿ ಇರುವವರಿಗೆ ಡಿ.

ಬ್ಯಾಂಕಿನಲ್ಲಿ

ಪೆನ್ನಿ ರೋಲ್‌ನಲ್ಲಿ 50 ನಾಣ್ಯ, ಅರ್ಧ ಡಾಲರ್. ನಿಕಲ್ 40, ಎರಡು ಡಾಲರ್. ಡೈಮ್ 50, ಐದು ಡಾಲರ್. ಕ್ವಾರ್ಟರ್ 40, ಹತ್ತು ಡಾಲರ್. ಇನ್ನೂ ಬೇಕಾದರೆ ಐವತ್ತು ರೋಲ್‌ನ ಬಾಕ್ಸ್ ಇರುತ್ತದೆ, ಕ್ವಾರ್ಟರ್ ಬಾಕ್ಸ್ ಅಂದರೆ 500 ಡಾಲರ್. ಅದನ್ನು ಮುಂಚೆಯೇ ಹೇಳಿ ತರಿಸಬೇಕಾಗಬಹುದು. ಶುರುವಿಗೆ ಎರಡು ಮೂರು ರೋಲ್ ಸಾಕು.

ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಟೆಲ್ಲರ್‌ಗೆ ನಿಜ ಹೇಳಿ, ನಾಣ್ಯ ಸಂಗ್ರಹಿಸುತ್ತೇನೆ ಅಂತ. ಹೊಚ್ಚ ಹೊಸ ನಾಣ್ಯದ ರೋಲ್ ಬೇಡ ಅನ್ನಿ. ಅದರಲ್ಲಿ ಸಾಮಾನ್ಯವಾಗಿ ನಲವತ್ತೂ ಒಂದೇ ಚಿತ್ರದವು, ತುಂಬುವುದು ಒಂದೇ ತೂತು. ಗ್ರಾಹಕರು ಕೈಯಿಂದ ಸುತ್ತಿ ಕೊಟ್ಟ ರೋಲ್ ಇದ್ದರೆ ಅದನ್ನೇ ಕೇಳಿ. ಯಾರದೋ ಮನೆಯ ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಚಿಲ್ಲರೆ ಅದರಲ್ಲಿ ಇರಬಹುದು.

ವಾಪಸ್ ಕಟ್ಟುವುದಕ್ಕೆ ಬೇರೆ ಬ್ಯಾಂಕ್ ಅಥವಾ ಬೇರೆ ಶಾಖೆ ಇಟ್ಟುಕೊಳ್ಳಿ. ತಂದ ಕಡೆಯೇ ಕಟ್ಟಿದರೆ ನೀವು ನೋಡಿಬಿಟ್ಟ ನಾಣ್ಯವೇ ಮತ್ತೆ ನಿಮ್ಮ ಕೈಗೆ ಬರುತ್ತದೆ, ಸಿಬ್ಬಂದಿಗೂ ಬೇಸರ. ಕ್ರೆಡಿಟ್ ಯೂನಿಯನ್‌ಗಳಲ್ಲಿ ಸದಸ್ಯರಿಗೆ ಪುಕ್ಕಟೆ ಎಣಿಸುವ ಯಂತ್ರ ಇದೆಯಾ ಅಂತ ವಿಚಾರಿಸಿ. ದಿನಸಿ ಅಂಗಡಿಯ ಯಂತ್ರಗಳು ನಗದು ಕೊಡುವಾಗ ಶುಲ್ಕ ಮುರಿದುಕೊಳ್ಳುತ್ತವೆ, ಅದರಲ್ಲಿ ಹಾಕಿದರೆ ಖರ್ಚಿಲ್ಲದ ಹವ್ಯಾಸಕ್ಕೆ ಖರ್ಚು ಬರುತ್ತದೆ.

ಮನೆಯಲ್ಲಿ

ಮೇಜಿನ ಮೇಲೆ ಬಟ್ಟೆ ಹಾಸಿ ರೋಲ್ ಬಿಚ್ಚಿ. ಸುರಿಯುವ ಮೊದಲು ಸಾಲಿನ ಅಂಚನ್ನು ನೋಡಿ. ಈಗಿನ ಡೈಮ್, ಕ್ವಾರ್ಟರ್‌ನ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣುತ್ತದೆ. ಗೆರೆಯಿಲ್ಲದೆ ಬಿಳಿ ಅಂಚು ಕಂಡರೆ ಅದು ಬೆಳ್ಳಿ ಇರಬಹುದು. ಆಮೇಲೆ ಚಿತ್ರದ ಪ್ರಕಾರ, ಇಲ್ಲವೇ ದಶಕದ ಪ್ರಕಾರ ಗುಡ್ಡೆ ಮಾಡಿ. ಬೇಕಾದ ನಾಣ್ಯಗಳ ಪಟ್ಟಿ ಪಕ್ಕದಲ್ಲಿ ಇರಲಿ. ಮೊದಲ ಸುತ್ತಿನಲ್ಲಿ ಸವೆದ ನಾಣ್ಯವಾದರೂ ಸರಿ, ತೂತಿಗೆ ಹಾಕಿ. ಚೆನ್ನಾಗಿರುವುದು ಸಿಕ್ಕಾಗ ಬದಲಾಯಿಸಿ.

ಹೊಳಪು ಬರಲಿ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಾಮ್ರದ ಚೊಂಬಿಗೆ ಅದು ಸರಿ, ನಾಣ್ಯಕ್ಕೆ ಅಲ್ಲ. ತಿಕ್ಕಿದ ನಾಣ್ಯವನ್ನು ಸಂಗ್ರಹಕಾರರು ಒಂದೇ ನೋಟಕ್ಕೆ ಗುರುತಿಸುತ್ತಾರೆ, ಬೆಲೆ ಬಿದ್ದುಹೋಗುತ್ತದೆ. ಅಂಚು ಹಿಡಿದು ಎತ್ತಿ. ಪಿವಿಸಿ ಪ್ಲಾಸ್ಟಿಕ್‌ನ ಮೆತ್ತನೆ ಕವರ್‌ಗಳಲ್ಲಿ ಇಡಬೇಡಿ, ಕಾಲ ಕಳೆದಂತೆ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ.

ಕೊನೆಯ ತೂತುಗಳು

ರಾಜ್ಯಗಳ ಕ್ವಾರ್ಟರ್‌ನಲ್ಲಿ ಎರಡು ಮೂರು ಉಳಿದಿದ್ದರೆ ಕಾಯಿರಿ, ದುಡ್ಡು ಕೊಟ್ಟು ಕೊಳ್ಳಬೇಡಿ. ಬಂದೇ ಬರುತ್ತವೆ. 2009ರ ಡೈಮ್, ನಿಕಲ್ ಮಾತ್ರ ಉಳಿದು ಬೇಸರ ಬರುವಷ್ಟು ದಿನ ಆದರೆ ನಾಣ್ಯದ ಅಂಗಡಿಯಲ್ಲಿ ಕೊಂಡರೂ ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಅದಲು ಬದಲು ಪ್ರಯತ್ನಿಸಿ. ಇನ್ನೊಂದು ಕರಾವಳಿಯಲ್ಲಿ ಅಣ್ಣನೋ, ಚಿಕ್ಕಮ್ಮನ ಮಗಳೋ, ಜೊತೆಗೆ ಓದಿದವರೋ ಇದ್ದೇ ಇರುತ್ತಾರೆ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವದ ದಿನ ಮಕ್ಕಳು ತಮ್ಮ ತಮ್ಮ ಹೆಚ್ಚುವರಿ ನಾಣ್ಯ ತಂದು ಬದಲಾಯಿಸಿಕೊಳ್ಳುವಂತೆ ಒಂದು ಮೇಜು ಹಾಕಿಸಿದರೂ ಚೆನ್ನಾಗಿರುತ್ತದೆ.

ಅಂಚೆಯಲ್ಲಿ ಕಳಿಸುವುದಾದರೆ ನಾಣ್ಯಗಳನ್ನು ರಟ್ಟಿನ ಎರಡು ತುಂಡುಗಳ ನಡುವೆ ಇಟ್ಟು, ಅಲುಗಾಡದಂತೆ ರಟ್ಟಿನ ಸುತ್ತ ಟೇಪ್ ಹಾಕಿ, ಮೆತ್ತನೆ ಪದರ ಇರುವ ಲಕೋಟೆಯಲ್ಲಿ ಕಳಿಸಿ. ಟೇಪಿನ ಅಂಟು ನಾಣ್ಯಕ್ಕೆ ತಾಗದಿರಲಿ. ಬಿಡಿಯಾಗಿ ಸಾದಾ ಲಕೋಟೆಗೆ ಹಾಕಿದರೆ ಅಂಚೆ ಯಂತ್ರದಲ್ಲಿ ಲಕೋಟೆ ಹರಿದು ನಾಣ್ಯ ದಾರಿಯಲ್ಲೇ ಬಿದ್ದುಹೋಗಬಹುದು.